ಕೈಗವಸಿನ ಪೆಟ್ಟಿಗೆ

ನಮ್ಮೂರಿನ ಜನ ತಾವು ಬಹಳ ಮರ್ಯಾದಸ್ಥರು ಎಂದುಕೊಂಡಿದ್ದಾರೆ. ಅದಕ್ಕೆ ಕಾರಣ ಅವರ ಗುಣವಲ್ಲ, ಅವರ ಅಂಗೈ. ಮಾತು ಕಲಿತ ಮಗುವಿನಿಂದ ಹಿಡಿದು ಹಲ್ಲು ಬಿದ್ದ ಮುದುಕರ ತನಕ ಇಲ್ಲಿ ಪ್ರತಿಯೊಬ್ಬರ ಅಂಗೈಗೂ ಒಂದೊಂದು ಬಣ್ಣ. ಒಬ್ಬರದು ಇನ್ನೊಬ್ಬರಿಗಿಲ್ಲ. ಮುಟ್ಟಿದ ಕಡೆ ಆ ಬಣ್ಣ ಅಂಟುತ್ತದೆ, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಎಂಟು ದಿನ ಇದ್ದು ಒಂಬತ್ತನೆಯ ದಿನ ತಾನಾಗಿ ಮಾಯವಾಗುತ್ತದೆ. ಯಾಕೆ ಎಂದು ನನ್ನನ್ನು ಕೇಳಬೇಡಿ, ನನ್ನ ಲ್ಯಾಬಿನಲ್ಲಿ ಅದಕ್ಕೆ ಪರೀಕ್ಷೆ ಇಲ್ಲ. ಬಸ್ಸಿನಲ್ಲಿ ಕೈಚಾಚಿದ ಪೋಲಿ ಇಳಿಯುವ ಮೊದಲೇ ಸಿಕ್ಕಿಬೀಳುತ್ತಾನೆ. ಅತ್ತೆಯ ಬೆಲ್ಲದ ಡಬ್ಬಿಗೆ ಕೈ ಹಾಕಿದ ಸೊಸೆಯೂ ಅಷ್ಟೇ. ಹೀಗಾಗಿ ತಮ್ಮೂರಿನಲ್ಲಿ ಕಳ್ಳತನವಿಲ್ಲ, ಹಾದರವಿಲ್ಲ ಎಂದು ನಮ್ಮವರಿಗೆ ದೊಡ್ಡ ಜಂಬ. ಕಣ್ಣಿಗೆ ಕಾಣಲಿಲ್ಲವೆಂದರೆ ನಡೆದೇ ಇಲ್ಲ ಎಂದು ನಂಬುವ ಜನ ಇವರು.

ಇಂಥ ಊರಿನಲ್ಲಿ ಕೈಗವಸು ಹಾಕುವುದು ಮಹಾಪರಾಧ. ಚಳಿಗೆ ಕೈ ಸೆಟೆದು ಹೋದರೂ ಸರಿ, ಹಾಕುವಂತಿಲ್ಲ. ಆಸ್ಪತ್ರೆಯವರಿಗೆ ಮಾತ್ರ ಅನುಮತಿ. ಆಸ್ಪತ್ರೆ ಎಂದರೆ ಮಂಗಳವಾರಕ್ಕೊಮ್ಮೆ ಬರುವ ಡಾಕ್ಟರು, ಒಬ್ಬ ನರ್ಸು, ಮತ್ತೆ ನಾನು. ನನ್ನ ಹೆಸರು ಮಂದಾಕಿನಿ. ಹದಿನಾರು ವರ್ಷದಿಂದ ಇಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೇನೆ, ಹಾಗಾಗಿ ಊರಿಗೆಲ್ಲ ನಾನು ರಕ್ತದಕ್ಕ. ಕೈಗವಸಿನ ಪೆಟ್ಟಿಗೆ ನನ್ನ ಮೇಜಿನ ಮೇಲಿರುತ್ತದೆ. ಹದಿನಾರು ವರ್ಷ ಅದರೊಳಗೆ ಕೈಯಿಟ್ಟು ನನ್ನ ಬಣ್ಣ ಯಾವುದೆಂದು ಊರಿಗೆ ಮರೆತೇಹೋಗಿದೆ.

ನಮ್ಮೂರಿನಲ್ಲಿ ಅತಿ ಹೆಚ್ಚು ಜನರನ್ನು ಮುಟ್ಟುತ್ತಿದ್ದವಳು ಬಳೆಗಾರ್ತಿ ಹೊನ್ನೂರಮ್ಮ. ಅವಳದು ನೇರಳೆ ಹಣ್ಣಿನ ಬಣ್ಣ. ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಒಂದೂ ಒಡೆಯದಂತೆ ಗಾಜಿನ ಬಳೆ ಏರಿಸುತ್ತಿದ್ದಳು. ತೊಡಿಸಿ ಮುಗಿಸುವ ಹೊತ್ತಿಗೆ ಮಣಿಕಟ್ಟಿನವರೆಗೂ ನೇರಳೆ. ಸೀಮಂತವಾಗಲಿ ಮದುವೆಯಾಗಲಿ, ಮಣಿಕಟ್ಟಿನಲ್ಲಿ ಆ ನೇರಳೆ ಇಲ್ಲದ ಹೆಂಗಸಿಗೆ ಕಳೆಯೇ ಇಲ್ಲ ಎನ್ನುತ್ತಿದ್ದರು. ಬಳೆಗಿಂತ ಆ ಬಣ್ಣ ತೋರಿಸಿಕೊಂಡು ತಿರುಗುವವರೇ ಹೆಚ್ಚು.

ಒಂದು ವರ್ಷ ಅವಳಿಗೆ ಬಿಡದ ಜ್ವರ, ಮೈ ಇಳಿಯಿತು. ಡಾಕ್ಟರು ಎಚ್‌ಐವಿ ಪರೀಕ್ಷೆಗೆ ಬರೆದರು. ಒಂದು ಕಿಟ್ಟಿನ ಮೇಲೆ ನಂಬಿಕೆ ಇಟ್ಟು ಯಾರಿಗೂ ಇಂಥ ಮಾತು ಹೇಳುವಂತಿಲ್ಲ, ಬೇರೆ ಬೇರೆ ಮೂರು ಕಿಟ್ಟಿನಲ್ಲಿ ನೋಡಬೇಕು. ನೋಡಿದೆ. ಒಂದು ಗೆರೆ ಎಂದರೆ ಇಲ್ಲ, ಎರಡು ಎಂದರೆ ಇದೆ. ಮೂರರಲ್ಲೂ ಎರಡೆರಡು ಗೆರೆ. ಅದು ಅವಳಿಗೆ ಹೇಗೆ ಬಂತು ಎಂದು ನೀವು ಈಗಲೇ ಮನಸ್ಸಿನಲ್ಲಿ ಕಥೆ ಕಟ್ಟಲು ಶುರು ಮಾಡಿರುತ್ತೀರಿ. ಅವಳು ನನಗೆ ಹೇಳಿದ್ದಾಳೆ, ನಾನು ನಿಮಗೆ ಹೇಳುವುದಿಲ್ಲ. ಅದು ನಿಮಗೆ ಬೇಡದ ಉಸಾಬರಿ.

ಅವಳಿಗೆ ತಿಳಿಯುವ ಹಾಗೆ ಕಾಯಿಲೆಯನ್ನು ವಿವರಿಸಿದೆ. ರಕ್ತದಲ್ಲಿ ಕಾವಲು ಕಾಯುವ ಬಿಳಿ ಕಣಗಳಿರುತ್ತವೆ. ಈ ವೈರಸ್ಸು ಸೀದಾ ಆ ಕಾವಲುಗಾರನ ಮನೆಗೇ ನುಗ್ಗಿ, ಅವನ ಒಲೆಯಲ್ಲೇ ಬೇಯಿಸಿಕೊಂಡು, ತನ್ನಂಥ ಸಾವಿರ ಮರಿಗಳನ್ನು ಮಾಡಿ, ಕೊನೆಗೆ ಅವನನ್ನೇ ಮುಗಿಸುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ತೋರುವುದಿಲ್ಲ. ಕಾವಲು ಕಡಿಮೆಯಾದ ಮೇಲೆ ಹಾದಿಹೋಕ ರೋಗಗಳೆಲ್ಲ ಒಳಗೆ ಬರುತ್ತವೆ. ಅಷ್ಟು ಗಟ್ಟಿಗ ವೈರಸ್ಸು ಹೊರಗಿನ ಗಾಳಿಗೆ ಮಾತ್ರ ಬಡಪಾಯಿ. ರಕ್ತದಿಂದ ರಕ್ತಕ್ಕೆ, ಕೂಡಿದವರಿಂದ ಕೂಡಿದವರಿಗೆ, ತಾಯಿಯಿಂದ ಮಗುವಿಗೆ, ಈ ದಾರಿಗಳು ಬಿಟ್ಟರೆ ಅದಕ್ಕೆ ಬೇರೆ ದಾರಿ ಗೊತ್ತಿಲ್ಲ. ದಿನವೂ ಮಾತ್ರೆ ನುಂಗಿದರೆ ಅದು ರಕ್ತದಲ್ಲಿ ಯಂತ್ರಕ್ಕೂ ಸಿಗದಷ್ಟು ಕಡಿಮೆಯಾಗುತ್ತದೆ, ಹಾಗೆಯೇ ಇದ್ದರೆ ಜೊತೆ ಮಲಗಿದವರಿಗೂ ಹರಡುವುದಿಲ್ಲ. ಹೊನ್ನೂರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

“ಬಳೆ ತೊಡಸಬೌದೇನವ್ವ?”

ತೊಡಿಸಬಹುದು ಎಂದೆ. ಅವಳು ಎದ್ದು ಹೋಗಿ ಮಾತ್ರೆ ಶುರು ಮಾಡಿದಳು. ಆರು ತಿಂಗಳಲ್ಲಿ ಮೈ ತುಂಬಿಕೊಂಡಿತು, ದೊಡ್ಡಾಸ್ಪತ್ರೆಯ ಯಂತ್ರಕ್ಕೂ ವೈರಸ್ಸು ಸಿಗದಂತಾಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮೂರಿನಲ್ಲಿ ಶರಭಣ್ಣ ಇದ್ದ.

ಶರಭಣ್ಣ ಆಸ್ಪತ್ರೆ ಸಮಿತಿಯ ಅಧ್ಯಕ್ಷ. ಅವನ ಅಂಗೈ ಅಪ್ಪಟ ಅರಿಸಿನ ಹಳದಿ, ಅದನ್ನು ಎತ್ತಿ ತೋರಿಸದೆ ಅವನು ಭಾಷಣ ಮಾಡಿದ್ದಿಲ್ಲ. ವ್ಯಾಪಾರದ ಮೇಲೆ ತಿಂಗಳಿಗೆರಡು ಸಲ ಹೊರಊರಿಗೆ ಹೋಗುತ್ತಿದ್ದ. ಹೋಗುವ ಹಿಂದಿನ ದಿನ ತಪ್ಪದೆ ನನ್ನ ಲ್ಯಾಬು ತಪಾಸಣೆ ಮಾಡುತ್ತಿದ್ದ. ಅವನು ಬಂದುಹೋದ ಮೇಲೆ ಕೈಗವಸಿನ ಪೆಟ್ಟಿಗೆಯಲ್ಲಿ ಒಂದೋ ಎರಡೋ ಜೊತೆ ಕಮ್ಮಿ. ಹೊರಊರಿನ ಹೆಂಗಸರ ಮೈಮೇಲೆ ಹಳದಿ ಬಿಟ್ಟು ಬಂದರೆ, ಅಲ್ಲಿಗೆ ಹೋದ ನಮ್ಮೂರಿನವನೊಬ್ಬ ಗುರುತು ಹಿಡಿದುಬಿಟ್ಟಾನು ಎಂದು ಅವನ ಹೆದರಿಕೆ. ನನಗೆ ಅರ್ಥವಾಗಿತ್ತು, ಕೇಳುವ ಧೈರ್ಯ ಇರಲಿಲ್ಲ. ಆ ಬುದ್ಧಿವಂತನನ್ನು ನೆನೆದರೆ ಇವತ್ತಿಗೂ ನನಗೆ ನಗೆ ಬರುತ್ತದೆ. ಮೇಜಿನ ಪಕ್ಕದಲ್ಲೇ, ಗೋಡೆಗೆ ಹೊಡೆದ ಡಬ್ಬಿಯಲ್ಲಿ, ಯಾರು ಬೇಕಾದರೂ ತೆಗೆದುಕೊಂಡು ಹೋಗಲೆಂದು ನಿರೋಧ್ ಇಟ್ಟಿದ್ದೆವು. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಮುಚ್ಚಿಕೊಳ್ಳಬೇಕಾದ್ದನ್ನು ಬಿಟ್ಟು ಕೈ ಮುಚ್ಚಿಕೊಂಡ.

ಒಂದು ದಿನ ನಾನು ನೀರು ತರಲು ಆಚೆ ಹೋಗಿದ್ದೆ. ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇತ್ತು. ಬೀರುವಿನಲ್ಲಿಟ್ಟು ಬೀಗ ಹಾಕದೆ ಹೋದದ್ದು ನನ್ನ ತಪ್ಪು, ಅದಕ್ಕೆ ಸಬೂಬು ಹೇಳುವುದಿಲ್ಲ. ಕೈಗವಸು ಕದಿಯಲು ಬಂದ ಶರಭಣ್ಣ ಅದರೊಳಗಿದ್ದ ಹೊನ್ನೂರಮ್ಮನ ಗುಟ್ಟನ್ನೂ ಕದ್ದುಕೊಂಡು ಹೋದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಊರಿನ ಅರ್ಧ ಹೆಂಗಸರ ಮಣಿಕಟ್ಟಿನಲ್ಲಿ ನೇರಳೆ. ನಿನ್ನೆಯವರೆಗೆ ಶೋಭೆಯಾಗಿದ್ದದ್ದು ಇವತ್ತು ಹಾವಿನಂತಾಯಿತು. ಕೊಳದ ಮೆಟ್ಟಿಲ ಮೇಲೆ ಸಾಲಾಗಿ ಕೂತು ಬೂದಿ ಹಾಕಿ ತಿಕ್ಕಿದರು, ಸೋಪು ಹಾಕಿ ತಿಕ್ಕಿದರು, ಕೊನೆಗೆ ಇಟ್ಟಿಗೆ ಚೂರಿನಿಂದ ತಿಕ್ಕಿದರು. ಬಣ್ಣ ಹೋಗಲಿಲ್ಲ, ಚರ್ಮ ಹೋಯಿತು. ಒಬ್ಬಳ ರಕ್ತ ಹತ್ತಿದ ಇಟ್ಟಿಗೆಯನ್ನೇ ಇನ್ನೊಬ್ಬಳು ಕಿತ್ತುಕೊಂಡು ತಿಕ್ಕಿಕೊಳ್ಳುತ್ತಿದ್ದಳು. ಬಳೆ ತೊಡಿಸುವಾಗ ಇಲ್ಲದ ಅಪಾಯವನ್ನು ಇವರೇ ಕೂತು ಮಾಡಿಕೊಂಡರು. ನಾನು ಹೋಗಿ ಬೈದು ಇಟ್ಟಿಗೆಗಳನ್ನೆಲ್ಲ ಕೊಳಕ್ಕೆ ಎಸೆದೆ. ರಕ್ತದಕ್ಕನಿಗೆ ತಲೆ ಕೆಟ್ಟಿದೆ ಎಂದರು.

ಆ ಮಧ್ಯಾಹ್ನ ಹೊನ್ನೂರಮ್ಮ ಲ್ಯಾಬಿಗೆ ಬಂದಳು. ಬಳೆಯ ಮಲಾರ ಹೆಗಲಿನಲ್ಲೇ ಇತ್ತು. ಬೆಳಗ್ಗೆಯಿಂದ ಹನ್ನೊಂದು ಮನೆಯ ಬಾಗಿಲು ಅವಳ ಮುಖದ ಮೇಲೆ ಮುಚ್ಚಿತ್ತಂತೆ. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ರಿಜಿಸ್ಟರು ತೆರೆದಿಟ್ಟದ್ದು ನಾನೇ ಎಂದು ಒಪ್ಪಿಕೊಂಡೆ. ಆಗಲಿ ಬಿಡು ಎಂಬಂತೆ ಕೈಯಾಡಿಸಿದಳು. ಮನಸ್ಸಿಗೆ ಬಹಳ ಕೆಡುಕಾಗಿ ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಕೊಟ್ಟೆ. ಅವಳು ಲೋಟ ತೆಗೆದುಕೊಳ್ಳಲಿಲ್ಲ, ನನ್ನ ಕೈಯನ್ನೇ ನೋಡಿದಳು.

“ರಕ್ತ ತೆಗಿಯಾಗ ಅದನ್ನ ಹಾಕ್ಕೊಂಡಿದ್ದಿ, ಅದು ಸರಿ ಐತಿ. ಚಾ ಕೊಡಾಕೂ ಯಾಕವ್ವ?”

ಕೈಯಲ್ಲಿ ಗವಸು ಇತ್ತು. ಬೆಳಗ್ಗೆಯಿಂದ ಯಾರ ರಕ್ತವನ್ನೂ ತೆಗೆದಿರಲಿಲ್ಲ. ಅವಳು ಬಾಗಿಲಲ್ಲಿ ಕಂಡ ಕೂಡಲೇ ನನ್ನ ಕೈ ತಾನಾಗಿ ಪೆಟ್ಟಿಗೆಯೊಳಗೆ ಹೋಗಿತ್ತು. ಮುಟ್ಟಿದರೆ ಬರುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ನಾಚಿಕೆಯಾಯಿತು, ನೆಲದೊಳಗೆ ಹೋಗುವಷ್ಟು ನಾಚಿಕೆ. ಗವಸು ಕಿತ್ತು ಬಕೆಟ್ಟಿಗೆ ಹಾಕಿ ಲೋಟವನ್ನು ಬರಿಗೈಯಲ್ಲಿ ಹಿಡಿದು ಕೊಟ್ಟೆ. ಸ್ಟೀಲಿನ ಮೇಲೆ ನನ್ನ ಐದು ಬೆರಳು ಮೂಡಿದವು. ನೀರು ಕುಡಿದ ಮಣ್ಣಿನ ಬಣ್ಣ. ಹೊನ್ನೂರಮ್ಮ ಅದನ್ನು ತಿರುಗಿಸಿ ನೋಡಿ, ಚೆನ್ನಾಗೈತಲ್ಲ ಎಂದು ಕುಡಿದಳು.

ಮಾರನೆಯ ದಿನ ಶರಭಣ್ಣ ಡಂಗುರ ಸಾರಿಸಿದ. ನೇರಳೆ ಅಂಟಿಸಿಕೊಂಡ ಹೆಂಗಸರೆಲ್ಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮಾದರಿಯಾಗಿ ಮೊದಲು ತನ್ನ ಹೆಂಡತಿಯನ್ನೇ ಕಳಿಸುತ್ತೇನೆ ಎಂದ. ಅವನ ಹೆಂಡತಿ ಶಿವಲೀಲಾ ಏಳು ತಿಂಗಳ ಬಸುರಿ. ಹಿಂದಿನ ವಾರವಷ್ಟೇ ಸೀಮಂತಕ್ಕೆ ಹೊನ್ನೂರಮ್ಮ ಹಸಿರು ಬಳೆ ತೊಡಿಸಿದ್ದಳು. ಬಸುರಿಯರಿಗೆ ಎಚ್‌ಐವಿ ಪರೀಕ್ಷೆಯನ್ನು ಮೂರನೆಯ ತಿಂಗಳಲ್ಲೇ ಮಾಡುತ್ತೇವೆ. ಆಗ ಅವಳ ಚೀಟಿಯಲ್ಲಿ ಆ ಸಾಲಿನ ಮುಂದೆ ಶರಭಣ್ಣನೇ ‘ಮರ್ಯಾದಸ್ಥ ಮನೆತನ, ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದ್ದ. ಗಂಡನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಅಧ್ಯಕ್ಷನಿಗೆ ಎದುರಾಡಿ ನನಗೂ ಇರಲಿಲ್ಲ.

ಅರವತ್ತಮೂರು ಹೆಂಗಸರು ಬಂದರು. ಬಂದ ಕಾರಣ ಶುದ್ಧ ಮೂರ್ಖತನ. ಬಳೆ ತೊಟ್ಟದ್ದಕ್ಕೆ ಎಚ್‌ಐವಿ ಬರುವುದಿಲ್ಲ. ಇನ್ನೊಂದು, ನಮ್ಮ ಕಿಟ್ಟು ವೈರಸ್ಸನ್ನೇ ಹುಡುಕುವುದಿಲ್ಲ, ಅದರ ಜೊತೆ ಹೋರಾಡಲು ಮೈ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ತಯಾರಾಗಲು ವಾರಗಟ್ಟಲೆ ಬೇಕು, ಕೆಲವರಲ್ಲಿ ಮೂರು ತಿಂಗಳು. ಹೋದ ವಾರ ಅಂಟಿದ್ದು ಈ ವಾರ ತೋರುವುದಿಲ್ಲ. ಇದನ್ನೆಲ್ಲ ಹೇಳಿದರೆ ಕೇಳುವ ಕಿವಿ ಒಂದೂ ಇರಲಿಲ್ಲ. ಸರಿ, ಮೂರ್ಖತನದಿಂದಲೇ ಆಗಲಿ, ತಾವಾಗಿ ಬಂದಿದ್ದಾರಲ್ಲ ಎಂದು ಒಬ್ಬೊಬ್ಬರನ್ನೇ ಒಳಗೆ ಕರೆದು, ಒಪ್ಪಿಗೆ ಕೇಳಿ, ಬೆರಳು ಚುಚ್ಚಿದೆ. ಅರವತ್ತೆರಡು ಜನರಿಗೆ ಒಂದೇ ಗೆರೆ.

ಶಿವಲೀಲಾಳದು ಎರಡು. ಎರಡನೆಯ ಕಿಟ್ಟಿನಲ್ಲೂ ಎರಡು, ಮೂರನೆಯದರಲ್ಲೂ ಎರಡು.

ಬಾಗಿಲು ಹಾಕಿ ಅವಳಿಗೊಬ್ಬಳಿಗೇ ಹೇಳಿದೆ. ಅವಳು ತನ್ನ ಮಣಿಕಟ್ಟಿನ ನೇರಳೆಯನ್ನು ನೋಡಿಕೊಂಡಳು. ಇದರಿಂದ ಬಂತೇ ಎಂದು ಕೇಳಿದಳು. ಅಲ್ಲ ಎಂದೆ. ಹೋದ ವಾರದ ಬಳೆಗೂ ಈ ಗೆರೆಗೂ ಸಂಬಂಧವೇ ಇಲ್ಲ, ಇದು ಅದಕ್ಕೂ ಬಹಳ ಮೊದಲೇ ಬಂದದ್ದು ಎಂದೆ. ಆಮೇಲೆ ಸೆರಗಿನ ಗಂಟಿನಿಂದ ಏನನ್ನೋ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ಒಗೆದು, ಒಣಗಿಸಿ, ನೀಟಾಗಿ ಮಡಿಸಿದ ಒಂದು ಜೊತೆ ಕೈಗವಸು.

“ಇವು ನಿಮ್ಮವೇನಕ್ಕಾ? ಅವ್ರ ಬ್ಯಾಗಿನ್ಯಾಗ ಸಿಗತಾವು. ಆಸ್ಪತ್ರಿ ಕೆಲಸದ್ದು ಅಂದಿದ್ರು. ನಾನು ಒಗದು ಎತ್ತಿಡತಿದ್ದೆ.”

ನನ್ನವೇ ಎಂದೆ. ಅದಕ್ಕಿಂತ ಹೆಚ್ಚು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮಗುವಿನ ಬಗ್ಗೆ ಕೇಳಿದಳು. ಇವತ್ತಿನಿಂದಲೇ ಮಾತ್ರೆ ಶುರು ಮಾಡಿ, ಒಂದು ದಿನವೂ ತಪ್ಪಿಸದೆ ನುಂಗಿದರೆ, ಹುಟ್ಟಿದ ಮಗುವಿಗೂ ಆರು ವಾರ ಔಷಧದ ಹನಿ ಹಾಕಿದರೆ, ಮಗುವಿಗೆ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು ಎಂದೆ. ತಡಮಾಡಿದಷ್ಟೂ ಅಪಾಯ ಎಂಬುದನ್ನೂ ಮುಚ್ಚಿಡಲಿಲ್ಲ. ಮೊದಲ ಮಾತ್ರೆಯನ್ನು ಅವಳು ನನ್ನೆದುರೇ ನುಂಗಿದಳು. ನೀರಿನ ಲೋಟವನ್ನು ನಾನು ಹಿಡಿದೆ.

ಶರಭಣ್ಣ ಬಂದು ಫಲಿತಾಂಶದ ಪಟ್ಟಿ ಕೇಳಿದ. ರಿಜಿಸ್ಟರು ಆಗಲೇ ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಯಾರ ಫಲಿತಾಂಶವೂ ಅವರವರದ್ದೇ, ಕೊಡುವುದಿಲ್ಲ ಎಂದೆ. ಕೊಡುವುದಿಲ್ಲ ಎಂದರೆ ಯಾರಿಗೋ ಇದೆ ಎಂದಾಯಿತು, ಹಾಗಾದರೆ ಹಂಚಿದವಳು ಹೊನ್ನೂರಮ್ಮನೇ ಎಂದು ಅವನೇ ತೀರ್ಮಾನ ಮಾಡಿದ. ಭಾನುವಾರ ಬೆಳಗ್ಗೆ ತನ್ನ ಮನೆಯ ಮುಂದಿನ ಕಟ್ಟೆಯ ಬಳಿ ಸಭೆ ಕರೆದ. ಅವಳನ್ನು ಊರು ಬಿಡಿಸುವುದೆಂದು ಸಭೆಗೆ ಮೊದಲೇ ಊರಿಗೆಲ್ಲ ಗೊತ್ತಿತ್ತು. ಅವಳ ಕೈಯಿಂದ ಬಳೆ ತೊಟ್ಟು ಮದುವೆಯಾದವರೇ ತಲೆಯಾಡಿಸಲು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊನ್ನೂರಮ್ಮ ಮಲಾರವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಕಡೆ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತೆ. ಮಾತಾಡಿದರೆ ಶಿವಲೀಲಾಳ ಗುಟ್ಟು ಹೊರಬೀಳುತ್ತದೆ, ಮಾತಾಡದಿದ್ದರೆ ಹೊನ್ನೂರಮ್ಮ ಊರಾಚೆ ಬೀಳುತ್ತಾಳೆ. ಎರಡರ ನಡುವೆ ನನಗೆ ದಿಕ್ಕೇ ತೋಚದಾಗಿತ್ತು.

ಶರಭಣ್ಣ ಮನೆಯಿಂದ ಹೊರಬಂದು ಜನರ ಕಡೆ ಮುಖ ಮಾಡಿ ನಿಂತ. ಹಳದಿ ಅಂಗೈ ಎತ್ತಿದ. ನಮ್ಮ ಊರಿನಲ್ಲಿ ಮುಟ್ಟಿದ ಕೈ ಸುಳ್ಳು ಹೇಳುವುದಿಲ್ಲ ಎಂದು ಶುರು ಮಾಡಿದ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಶಿವಲೀಲಾ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಜಗಲಿಗೆ ಬಂದಳು. ಕಂಬದಿಂದ ಕಂಬಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿತ್ತು. ತುಂಬಿದ ಹೊಟ್ಟೆಯನ್ನು ಹೊತ್ತುಕೊಂಡು, ಅವಸರವಿಲ್ಲದೆ, ಬುಟ್ಟಿಯಿಂದ ಒಂದೊಂದೇ ಕೈಗವಸು ತೆಗೆದು ಕೊಡವಿ ಹಗ್ಗಕ್ಕೆ ಹಾಕತೊಡಗಿದಳು. ಒಂದು ಜೊತೆ, ಎರಡು ಜೊತೆ, ಹತ್ತು ಜೊತೆ. ಶರಭಣ್ಣ ಶುದ್ಧ ಹಸ್ತ ಶುದ್ಧ ಬಾಳು ಎನ್ನುತ್ತಿದ್ದ. ಜನ ಅವನ ತಲೆಯ ಮೇಲಿಂದ ಆಚೆ ನೋಡುತ್ತಿದ್ದರು. ತನ್ನ ಮಾತಿಗೆ ಸಭೆ ಇಷ್ಟು ಮೌನವಾಗಿ ಎಂದೂ ಕಿವಿಗೊಟ್ಟದ್ದಿಲ್ಲ ಎಂದು ಅವನಿಗೆ ಇನ್ನೂ ಹುರುಪು ಬಂತು. ಇಪ್ಪತ್ತಮೂರು ಜೊತೆ ಹಾಕಿದ ಮೇಲೆ ಬುಟ್ಟಿ ಖಾಲಿಯಾಯಿತು.

ಶಿವಲೀಲಾ ಜಗಲಿ ಇಳಿದು, ಗಂಡನನ್ನು ದಾಟಿ, ಹೊನ್ನೂರಮ್ಮನ ಮುಂದೆ ಬಂದು ಎರಡೂ ಕೈ ಚಾಚಿದಳು. ಎಡಗೈಯ ಬಳೆ ಎರಡು ಒಡೆದಿದ್ದವು.

“ಕೈ ಬರಿದಾಗ್ಯದ ಚಿಗವ್ವ, ಎರಡು ಬಳಿ ಹಾಕು.”

ಹೊನ್ನೂರಮ್ಮ ಅವಳ ಹೆಬ್ಬೆರಳನ್ನು ಮಡಿಸಿ ಹಿಡಿದಳು. ಶರಭಣ್ಣ ಆಗ ಹಿಂದಕ್ಕೆ ತಿರುಗಿ ಹಗ್ಗವನ್ನು ನೋಡಿದ. ಎತ್ತಿದ ಅಂಗೈ ಎತ್ತಿದಂತೆಯೇ ಇತ್ತು, ಅದನ್ನು ಇಳಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ನಮ್ಮೂರಿನ ಜನಕ್ಕೆ ತಪ್ಪು ಕಂಡರೆ ಗದ್ದಲ, ತಮ್ಮ ತಪ್ಪು ಕಂಡರೆ ಹಸಿವು. ಊಟದ ಹೊತ್ತಾಯಿತು ಎಂದು ಒಬ್ಬೊಬ್ಬರಾಗಿ ಎದ್ದು ಹೋದರು. ಇನ್ನೂ ಹತ್ತೂವರೆಯಾಗಿರಲಿಲ್ಲ. ಹೊನ್ನೂರಮ್ಮನ ಕ್ಷಮೆ ಕೇಳಿದವರು ಒಬ್ಬರೂ ಇಲ್ಲ.

ಶಿವಲೀಲಾಳಿಗೆ ಹೆಣ್ಣುಮಗು ಹುಟ್ಟಿತು. ತಾನು ನುಂಗುವ ಮಾತ್ರೆ ಯಾವುದೆಂದು ಅವಳು ಯಾರಿಗೂ ಮುಚ್ಚಿಡಲಿಲ್ಲ, ಹಾಗಾಗಿ ಬಾಣಂತಿಗೆ ನೀರು ಹಾಕಲು ಊರಿನ ಯಾವ ಮುದುಕಿಯೂ ಬರಲಿಲ್ಲ. ಹೊನ್ನೂರಮ್ಮ ಹೋದಳು. ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ದಿನವೂ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು, ಮಗು ನೆತ್ತಿಯಿಂದ ಹಿಮ್ಮಡಿಯವರೆಗೆ ನೇರಳೆ. ಶರಭಣ್ಣನ ಹಳದಿ ಮಾತ್ರ ಎಲ್ಲೂ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುವ ತನಕ ಮಗುವನ್ನು ಎತ್ತಿಕೊಳ್ಳುವಂತಿಲ್ಲ ಎಂದು ಶಿವಲೀಲಾ ಹೇಳಿಬಿಟ್ಟಿದ್ದಳು. ಮುಟ್ಟಿದರೆ ಬರುತ್ತದೆ ಎಂಬ ಭಯ ಅವಳಿಗಿರಲಿಲ್ಲ. ಅದು ಅವನಿಗೆ ಅವಳು ಹಾಕಿದ ಶಿಕ್ಷೆ.

ತಾಯಿಯ ಪ್ರತಿಕಾಯಗಳು ಹೊಟ್ಟೆಯಲ್ಲೇ ಮಗುವಿಗೂ ದಾಟಿರುತ್ತವೆ, ಅಮ್ಮನ ಅಂಗೈ ಬಣ್ಣ ಮಗುವಿಗೆ ಅಂಟಿದ ಹಾಗೆ. ಅದಕ್ಕೇ ನಮ್ಮ ಕಿಟ್ಟು ಎಳೆಮಗುವಿಗೆ ಉಪಯೋಗವಿಲ್ಲ, ವೈರಸ್ಸನ್ನೇ ಹುಡುಕಬೇಕು. ಆರನೆಯ ವಾರ ಮಗುವಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲೆ ಐದು ಬೊಟ್ಟು ರಕ್ತ ಇಳಿಸಿ, ಒಣಗಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಇಲ್ಲ ಎಂದು ಬಂತು. ಆರನೆಯ ತಿಂಗಳಲ್ಲೂ ಇಲ್ಲ. ಹದಿನೆಂಟನೆಯ ತಿಂಗಳಿಗೆ ಅಮ್ಮನ ಕುರುಹು ಅಳಿದಿರುತ್ತದೆ, ಆಗ ನನ್ನ ಕಿಟ್ಟಿನಲ್ಲೇ ನೋಡಿದೆ. ಒಂದೇ ಗೆರೆ. ಶಿವಲೀಲಾ ಅತ್ತಳು, ನಾನೂ ಅತ್ತೆ, ಮಗು ನಮ್ಮಿಬ್ಬರನ್ನು ನೋಡಿ ನಕ್ಕಿತು.

ಊರು ಇದರಿಂದ ಏನು ಕಲಿಯಿತು ಎಂದು ಕೇಳುತ್ತೀರಾ? ಹೊನ್ನೂರಮ್ಮನ ನೇರಳೆಗೆ ರೋಗ ತಡೆಯುವ ಶಕ್ತಿಯಿದೆ ಎಂದು ಕಲಿಯಿತು. ಇಟ್ಟಿಗೆಯಲ್ಲಿ ತಿಕ್ಕಿಕೊಂಡವರೇ ಕೂಸುಗಳನ್ನು ಎತ್ತಿಕೊಂಡು ಅವಳ ಬಾಗಿಲಿಗೆ ಬಂದು, ತಲೆಯ ಮೇಲೆ ಒಂದು ಸಲ ಕೈಯಿಡು ತಾಯಿ ಎಂದು ನಿಂತರು. ಅವಳು ಬುದ್ಧಿ ಹೇಳಲು ಹೋಗಲಿಲ್ಲ. ಗಂಡ ಹೆಂಡತಿ ಇಬ್ಬರೂ ರಕ್ತದಕ್ಕನ ಹತ್ತಿರ ಹೋಗಿ ರಕ್ತ ಕೊಟ್ಟು ಬನ್ನಿ, ಆಮೇಲೆ ಕೈಯಿಡುತ್ತೇನೆ ಎಂದಳು. ಹದಿನಾರು ವರ್ಷ ನಾನು ಗಂಟಲು ಹರಿದುಕೊಂಡರೂ ಬಾರದ ಗಂಡಸರು ಲ್ಯಾಬಿನ ಮುಂದೆ ಸಾಲು ನಿಂತರು.

ಸಾಲಿನ ಕೊನೆಯಲ್ಲಿ ಒಂದು ದಿನ ಶರಭಣ್ಣ ಇದ್ದ. ಅಧ್ಯಕ್ಷಗಿರಿ ಹೋಗಿತ್ತು, ಮೈಯೂ ಇಳಿದಿತ್ತು. ಎಲ್ಲರೂ ಹೋಗುವ ತನಕ ಕಾದು ಒಳಗೆ ಬಂದ. ಪೆಟ್ಟಿಗೆಯ ಕಡೆ ನೋಡಲಿಲ್ಲ. ನಾನು ಗವಸು ಹಾಕಿಕೊಂಡು ಬೆರಳು ಚುಚ್ಚಿದೆ. ಮೂರು ಕಿಟ್ಟು, ಮೂರರಲ್ಲೂ ಎರಡೆರಡು ಗೆರೆ. ಬೇರೆಯವರಿಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ, ಕಾವಲುಗಾರನ ಮನೆ, ದಿನದ ಮಾತ್ರೆ, ಎಲ್ಲ. ಅವನು ತಲೆ ತಗ್ಗಿಸಿ ತನ್ನ ಹಳದಿ ಅಂಗೈಯನ್ನು ನೋಡಿಕೊಳ್ಳುತ್ತ ಕೂತಿದ್ದ.

“ಮಗೂನ ಮುಟ್ಟಬೌದೇನಮ್ಮ?”

ಮೂರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಹೊನ್ನೂರಮ್ಮ ಇಂಥದೇ ಪ್ರಶ್ನೆ ಕೇಳಿದ್ದಳು, ನಾನು ಆ ಕ್ಷಣವೇ ಉತ್ತರ ಕೊಟ್ಟಿದ್ದೆ. ಈಗಲೂ ಉತ್ತರ ಅದೇ, ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ನಾನು ಎದ್ದು ಗವಸು ತೆಗೆದೆ, ಬಕೆಟ್ಟಿಗೆ ಹಾಕಿದೆ, ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆದೆ, ಬೆರಳು ಬೆರಳು ಒರೆಸಿಕೊಂಡೆ, ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಷ್ಟು ಹೊತ್ತೂ ಅವನನ್ನು ಹಾಗೆಯೇ ಕೂರಿಸಿದ್ದೆ. ನಾನೂ ಇದೇ ಊರಿನವಳು.

ಆಮೇಲೆ, ಮುಟ್ಟಬಹುದು ಎಂದೆ.